ತುಂಬಿದ ಮೆಷಿನ್ನು ಯಾರನ್ನು ಇಳಿಸುತ್ತದೆ

ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಗಳಿಂದ ಟವೆಲ್ಲುಗಳು ಒಳಗೆ ಬೀಳುತ್ತಿದ್ದವು. ಟವೆಲ್ಲು ಬಿದ್ದ ಸೀಟು ಟವೆಲ್ಲಿನವನದು. ಅವನು ಮಾತ್ರ ಆಚೆ ನಿಂತು ಟೀ ಕುಡಿಯುತ್ತಿರುತ್ತಿದ್ದ. ಕಂಡಕ್ಟರು ಯಾರಿಗೂ ಇಲ್ಲ ಎಂದವನಲ್ಲ. "ರಾವಯ್ಯಾ ರಾ, ಸೀಟುಂದಿ" ಎಂದು, ಸೀಟಿದೆ ಬಾ ಎಂದು ತೆಲುಗಿನಲ್ಲಿ ಕರೆಯುವುದು, ಹತ್ತಿದ ಮೇಲೆ "ಒಳಕ್ಕೆ ಸರ್ಕೊಳ್ರಪ್ಪ, ಒಳಗೆಲ್ಲಾ ಖಾಲಿ ಐತೆ" ಎಂದು ಕನ್ನಡದಲ್ಲಿ ತಳ್ಳುವುದು. ಕಂಬದೂರು ಬರುವ ಹೊತ್ತಿಗೆ ಟವೆಲ್ಲಿನವರೂ ಇಲ್ಲದವರೂ ಒಬ್ಬರ ಕಾಲ ಮೇಲೊಬ್ಬರು ನಿಂತಿರುತ್ತಿದ್ದೆವು.

ಆ ಕಂಡಕ್ಟರನ ದನಿ ನನ್ನ ಗಂಟಲಿಗೆ ಚೆನ್ನಾಗಿ ಕೂತಿತ್ತು. ಎಲ್ಲರ ದನಿಯನ್ನೂ ಅಣಕಿಸುವುದು ನನಗಿದ್ದ ಒಂದೇ ವಿದ್ಯೆ. ಇನ್ನೊಂದು ವಿದ್ಯೆ ಕಲಿಯಲಿ ಎಂದು ಮನೆಯವರು ತೊಂಬತ್ತರ ದಶಕದ ಕೊನೆಯಲ್ಲಿ ನನ್ನನ್ನು ಹಿಂದೂಪುರದ ಕಂಪ್ಯೂಟರ್ ಸೆಂಟರಿಗೆ ಸೇರಿಸಿದರು. ಸೆಂಟರು ಹುಣಸೆಹಣ್ಣಿನ ಗೋಡೌನಿನ ಮಹಡಿಯಲ್ಲಿತ್ತು. ಪಾಠ ತಲೆಗೆ ಹೋಗದಿದ್ದರೂ ಬಾಯಲ್ಲಿ ನೀರು ಗ್ಯಾರಂಟಿ.

ನಮ್ಮ ಮುಂದೆ ಇದ್ದದ್ದು ಬರೀ ಪರದೆ ಮತ್ತು ಕೀಲಿಮಣೆ. ಅಸಲು ಮೆಷಿನ್ನು ಒಂದೇ, ಅದು ನಮ್ಮ ಮೇಷ್ಟರ ಮೇಜಿನ ಮೇಲಿತ್ತು. ನಾವು ಯಾರು ಏನು ಓಡಿಸಿದರೂ ಅದರೊಳಗೇ ಓಡಬೇಕು. ದಿನಾ ಬೆಳಿಗ್ಗೆ ಮೇಷ್ಟರು ಅದಕ್ಕೆ ಊದಿನಕಡ್ಡಿ ಹಚ್ಚಿ, ಕುಂಕುಮ ಇಟ್ಟು, ಸೆಂಟರಿನ ಹೆಸರು ಬಣ್ಣಬಣ್ಣವಾಗಿ ತೇಲಿ ಬರುವ ಒಂದು ಸ್ವಾಗತದ ಚಿತ್ರವನ್ನು ಶುರು ಮಾಡುತ್ತಿದ್ದರು. ಅದನ್ನು ಮಾಡಿದವರು ಅವರೇ. ಮೆಟ್ಟಿಲು ಹತ್ತಿ ಬಂದವರಿಗೆಲ್ಲ ಮೊದಲು ಕಾಣಬೇಕಾದದ್ದು ಅದೇ.

ನನ್ನ ಪಕ್ಕದ ಪರದೆ ಪರಿಗಿಯಿಂದ ಬರುತ್ತಿದ್ದ ಒಬ್ಬಾಕೆಯದು, ನಾನು ಅಕ್ಕ ಎನ್ನುತ್ತಿದ್ದೆ. ಮದುವೆಯಾಗಿತ್ತು, ಮನೆಯಲ್ಲಿ ರೇಷ್ಮೆಹುಳ ಸಾಕುತ್ತಿದ್ದರು. ಊರಿನ ಸ್ಕೂಲಿನವರು, ಸರ್ಟಿಫಿಕೇಟು ತಂದರೆ ಕಂಪ್ಯೂಟರ್ ಟೀಚರಾಗಿ ತಗೊಳ್ಳುತ್ತೇವೆ ಎಂದಿದ್ದರು. ಅತ್ತೆ ಒಪ್ಪಿದ್ದು ಈ ಒಂದು ಪರೀಕ್ಷೆಯವರೆಗೆ ಮಾತ್ರ. ಪಾಸಾಗದಿದ್ದರೆ ಮತ್ತೆ ಹಿಪ್ಪುನೇರಳೆ ಸೊಪ್ಪಿಗೆ. ಆಕೆ ಬರೆದಿದ್ದ ಪ್ರೋಗ್ರಾಮು ಸ್ಕೂಲಿನ ಟೈಂ ಟೇಬಲ್ ಹಾಕುವಂಥದ್ದು. ಒಬ್ಬ ಮೇಷ್ಟರು ಒಂದೇ ಹೊತ್ತಿಗೆ ಎರಡು ಕ್ಲಾಸಿನಲ್ಲಿ ಇರಬಾರದು, ಅಷ್ಟೇ. ಕೇಳಲು ಸುಲಭ.

ಪರೀಕ್ಷೆಯ ದಿನ ಬೆಳಿಗ್ಗೆ ಅದು ಓಡಲಿಲ್ಲ. ಶುರುವಾಗುವುದು, ಮೇಷ್ಟರ ಮೆಷಿನ್ನಿನ ಡಿಸ್ಕು ಕರಕರ ಎನ್ನುವುದು, ಆಮೇಲೆ ಅಕ್ಕನ ಪ್ರೋಗ್ರಾಮು ಸತ್ತೇ ಹೋಗುವುದು. ಮೇಷ್ಟರ ಪರದೆಯ ಮೂಲೆಯಲ್ಲಿ 'ಔಟ್ ಆಫ್ ಮೆಮೊರಿ' ಎಂದು ಒಂದು ಸಾಲು ಬರುತ್ತಿತ್ತು.

"ಏನಮ್ಮಾ, ಬಕಾಸುರನಂಗೆ ಬರ್ದಿದೀಯಾ? ಇರೋದೆಲ್ಲಾ ನಿಂದೇ ತಿಂತೈತೆ" ಎಂದರು ಮೇಷ್ಟರು. "ಇನ್ನೇನು ಎಕ್ಸಾಮಿನರ್ ಬತ್ತಾರೆ. ಲಾಜಿಕ್ ನೋಡ್ಕೊ."

"ಹೋದ ವಾರ ಓಡ್ತಿತ್ತು ಸಾರ್. ಒಂದಕ್ಷರಾನೂ ಮುಟ್ಟಿಲ್ಲ ನಾನು" ಎಂದಳು ಅಕ್ಕ. ಆಮೇಲೆ ನನ್ನ ಕಡೆ ತಿರುಗಿ, "ನೀನು ನಗ್ಬೇಡ ಕಣ್ಲಾ" ಎಂದಳು. ನಾನು ನಗುತ್ತಿರಲಿಲ್ಲ. ನನ್ನ ಮುಖವೇ ಹಾಗೆ, ಸಾವಿನ ಮನೆಗೆ ನನ್ನನ್ನು ಯಾರೂ ಕರೆದುಕೊಂಡು ಹೋಗುವುದಿಲ್ಲ.

ಆಕೆ ಮತ್ತೆ ಓಡಿಸಿದಳು. ಅದೇ ಹೊತ್ತಿಗೆ ನಾನೂ ನನ್ನದೊಂದನ್ನು ಓಡಿಸಿದೆ. ನನ್ನದೇನು ಮಹಾ, ಕೀಲಿ ಒತ್ತಿದರೆ ಮೇಷ್ಟರ ಮಾತುಗಳನ್ನು ಒಂದೊಂದಾಗಿ ಪರದೆಗೆ ತರುವ ಪುಡಿ ಪ್ರೋಗ್ರಾಮು. ಈ ಸಲ ಸತ್ತದ್ದು ನನ್ನದು. ಅಕ್ಕನದು ಇನ್ನೂ ಒಂದು ಉಸಿರು ಎಳೆದು ಆಮೇಲೆ ಸತ್ತಿತು.

ಇದು ವಿಚಿತ್ರ ಅನ್ನಿಸಿತು. ಬಕಾಸುರನನ್ನು ಬಿಟ್ಟು ಇರುವೆಯನ್ನು ಯಾಕೆ ಕೊಂದಿತು? ಮೇಷ್ಟರನ್ನೇ ಕೇಳಿದೆ.

ಒಂದು ಗುಣವಿತ್ತು ಅವರಲ್ಲಿ, ಕೇಳಿದರೆ ಮಾತ್ರ ಹೇಳಿಯೇ ಹೇಳುತ್ತಿದ್ದರು. "ಮೆಷಿನ್ನಿನೊಳಗೆ ಯಜಮಾನ ಒಬ್ಬ ಇರ್ತಾನಯ್ಯಾ, ಕರ್ನೆಲ್ ಅಂತ. ಪ್ರತಿಯೊಂದು ಪ್ರೋಗ್ರಾಮೂ ಜಾಗ ಕೇಳೋದು ಅವನ್ನೇ. ಅವನು ಇಲ್ಲ ಅನ್ನಲ್ಲ. ಎಲ್ರಿಗೂ ಆಯ್ತು ಅಂತಾನೆ. ನಿಜವಾಗ್ಲೂ ಕೊಡೋದು, ಅವರು ಬಂದು ಮುಟ್ಟಿದಾಗ."

"ಅಂದ್ರೆ ಟವೆಲ್ಲು ಸಾರ್."

"ಏಂ ಟವಲಯ್ಯಾ?"

ನಾನು ಎದ್ದು ನಿಂತು ಕಂಡಕ್ಟರಾದೆ. ಮೂಗಿನಲ್ಲಿ ದನಿ ತೆಗೆದು "ರಾವಯ್ಯಾ ರಾ, ಸೀಟುಂದಿ" ಎಂದೆ. ಟವೆಲ್ಲು ಎಸೆದವರೆಲ್ಲ ಬಂದು ಕೂರುವುದಿಲ್ಲ ಅನ್ನೋ ಧೈರ್ಯದ ಮೇಲೆ ಬಸ್ಸು ನಡೆಯುತ್ತದೆ. ಎಲ್ಲರೂ ಒಟ್ಟಿಗೆ ಬಂದುಬಿಟ್ಟರೆ?

ಮೇಷ್ಟರಿಗೆ ಖುಷಿಯಾಯಿತು. "ಮೊದಲು ಗಂಟುಮೂಟೆ ಟಾಪ್ ಮೇಲೆ ಹಾಕ್ತಾನೆ. ಡಿಸ್ಕು ಅಂದ್ರೆ ಅದೇ. ಬೇಕಾದಾಗ ಹತ್ತಿ ಇಳಿಸ್ಬೇಕು, ಇನ್ನೊಂದು ಹತ್ತಿಸ್ಬೇಕು. ಕರಕರ ಅಂತೈತಲ್ಲ, ಹತ್ತಿ ಇಳಿಯೋ ಸದ್ದು. ಟಾಪೂ ತುಂಬಿಹೋದ್ರೆ ಒಬ್ಬರನ್ನ ಇಳಿಸ್ಲೇಬೇಕು. ಇಲ್ದಿದ್ರೆ ಬಸ್ಸೇ ನಿಂತೋಯ್ತದೆ."

"ಯಾರನ್ನ ಸಾರ್? ದಪ್ಪಗಿರೋರನ್ನಾ?"

"ಅಷ್ಟು ಬುದ್ಧಿ ಇನ್ನೂ ಬಂದಿಲ್ಲ ನಮ್ಮದಕ್ಕೆ. ಜಾಗ ಮುಗಿದ ಕ್ಷಣದಲ್ಲಿ ಯಾರು ಇನ್ನಷ್ಟು ಬೇಕು ಅಂತ ಕೈ ಚಾಚ್ತಾನೋ, ಅವನೇ ಹೋಗ್ತಾನೆ."

ಅಕ್ಕ ತನ್ನ ಪರದೆಯಿಂದ ತಿರುಗಿ, "ಅಂದ್ರೆ ಫುಟ್‌ಬೋರ್ಡಿನ ಮೇಲೆ ನಿಂತಿರೋಳು ನಾನು. ಸೀಟಿನಲ್ಲಿ ಕೂತಿರೋರು ಯಾರು ಸಾರ್?" ಎಂದಳು.

ಮೇಷ್ಟರು ತಮ್ಮ ಮೆಷಿನ್ನಿನ ಕಡೆ ತಿರುಗಿದರು. ನಾನು ಅವರ ಹೆಗಲ ಮೇಲಿಂದ ಬಗ್ಗಿದೆ. ಒಳಗೆ ಯಾರ‍್ಯಾರು ಓಡುತ್ತಿದ್ದಾರೆ ಎಂದು ತೋರಿಸುವ ಆಜ್ಞೆಯನ್ನು ಅವರು ಕೊಟ್ಟರು. ಪರದೆಯ ತುಂಬ ಒಂದೇ ಹೆಸರು, ಕೆಳಗೆ ಕೆಳಗೆ ಅದೇ ಹೆಸರು. ಸ್ವಾಗತದ ಚಿತ್ರ.

ಆಗ ನಮಗೆ ಅರ್ಥವಾದದ್ದು ಇಷ್ಟು. ಮೇಷ್ಟರು ದಿನಾ ಬೆಳಿಗ್ಗೆ ಊದಿನಕಡ್ಡಿಯ ಜೊತೆ ಹೊಸದೊಂದು ಚಿತ್ರ ಶುರು ಮಾಡುತ್ತಿದ್ದರೇ ಹೊರತು ಹಿಂದಿನ ದಿನದ್ದನ್ನು ನಿಲ್ಲಿಸುತ್ತಿರಲಿಲ್ಲ. ನಿಲ್ಲಿಸುವ ಅಗತ್ಯವೇ ಬಿದ್ದಿರಲಿಲ್ಲ. ನಮ್ಮ ಹಿಂದೂಪುರದಲ್ಲಿ ಕರೆಂಟು ದಿನಾ ಹೋಗುತ್ತಿತ್ತು. ಹೋದಾಗ ಮೆಷಿನ್ನಿನೊಳಗಿದ್ದವರೆಲ್ಲ ಒಟ್ಟಿಗೆ ಇಳಿದುಬಿಡುತ್ತಿದ್ದರು. ಕರೆಂಟು ತೆಗೆಯುವವನಿಗೆ ನಾವು ಬೈಯುತ್ತಿದ್ದೆವು, ಬಸ್ಸು ಗುಡಿಸಿಕೊಡುತ್ತಿದ್ದವನು ಅವನೇ. ಪರೀಕ್ಷೆಗೆ ತೊಂದರೆಯಾಗಬಾರದೆಂದು ಹೋದ ವಾರ ದೊಡ್ಡ ಬ್ಯಾಟರಿ ತಂದು ಕೂರಿಸಿದ್ದರು. ಅಂದಿನಿಂದ ಮೆಷಿನ್ನು ಆರಿರಲಿಲ್ಲ. ದಿನಕ್ಕೊಂದು ಚಿತ್ರ ಬಂದು ಕೂತು, ಒಂದರ ಹಿಂದೊಂದು ಕಾಣದೆ ತೇಲುತ್ತಲೇ ಇತ್ತು.

"ಎಲ್ಲಾ ನಿಲ್ಲಿಸಿಬುಡಿ ಸಾರ್" ಎಂದಳು ಅಕ್ಕ.

"ಇವತ್ತಿಂದು ಒಂದು ಇರ್ಲಿ ಕಣಮ್ಮ. ಎಕ್ಸಾಮಿನರ್ ಬತ್ತಾನೆ ಬಾಗಿಲಿಗೆ, ಖಾಲಿ ಪರದೆ ನೋಡಿದ್ರೆ ಏನಂದ್ಕೋತಾನೆ?"

"ಇವತ್ತಿಂದು ಯಾವುದು ಸಾರ್, ಇದರಲ್ಲಿ?"

ಯಾವುದೆಂದು ಹುಡುಕುತ್ತಾ ಕೂರಲು ಪುರುಸೊತ್ತಿರಲಿಲ್ಲ. ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿಸಿತು. ಮೇಷ್ಟರ ಕೈ ಕೀಲಿಮಣೆಯ ಮೇಲೆ ನಿಂತಿತು. ತಿಂಗಳುಗಟ್ಟಲೆ ಕೂತು ಬಣ್ಣ ಹೊಂದಿಸಿದ್ದ ಚಿತ್ರ ಅದು. ನನಗೆ ಇನ್ನೇನೂ ತೋಚದೆ ಮತ್ತೆ ಕಂಡಕ್ಟರಾದೆ, ಈ ಸಲ ಇಳಿಸುವ ಕಂಡಕ್ಟರು, ಮೆಲ್ಲಗೆ: "ದಿಗಯ್ಯಾ ದಿಗು, ಆಯಮ್ಮ ಪರಿಗಿಗೆ ಹೋಗ್ಬೇಕು."

ಅವರು ಒಂದೇ ಏಟಿಗೆ ಎಲ್ಲವನ್ನೂ ಇಳಿಸಿದರು. ಪರದೆ ಕಪ್ಪಾಯಿತು. ಡಿಸ್ಕಿನ ಕರಕರ ನಿಂತದ್ದು ಆ ಕಡೆಯ ಕೋಣೆಗೂ ಗೊತ್ತಾಯಿತು.

ಎಕ್ಸಾಮಿನರು ಬಂದವರೇ ಕಪ್ಪು ಪರದೆ ನೋಡಿ, "ಏನ್ರೀ, ಕರೆಂಟಿಲ್ವಾ?" ಎಂದರು. ಮೇಷ್ಟರು ಅಕ್ಕನ ಕಡೆ ಕೈ ತೋರಿಸಿದರು. ಆಕೆ ಓಡಿಸಿದಳು. ಪ್ರೋಗ್ರಾಮು ಉಸಿರು ಕಟ್ಟದೆ ಕೊನೆಯವರೆಗೂ ಹೋಯಿತು. ಪ್ರಿಂಟರು ಕಿರುಚುತ್ತಾ ಟೈಂ ಟೇಬಲನ್ನು ಹೊರಗೆ ಬಿಟ್ಟಿತು. ಎಕ್ಸಾಮಿನರು ಬೆರಳಿಟ್ಟು ಸಾಲುಸಾಲಾಗಿ ಹುಡುಕಿದರು. ಯಾವ ಮೇಷ್ಟರೂ ಎರಡು ಕ್ಲಾಸಿನಲ್ಲಿ ಸಿಕ್ಕಲಿಲ್ಲ. ಸಹಿ ಹಾಕಿದರು. ನನ್ನ ಪ್ರೋಗ್ರಾಮನ್ನೂ ನೋಡಿದರು. ಅದರಲ್ಲಿ ಬರುವ ಮಾತುಗಳು ಯಾರದೆಂದು ಕೇಳಿದಾಗ ಮೇಷ್ಟರೂ ನಾನೂ ಬೇರೆ ಬೇರೆ ಕಡೆ ನೋಡಿದೆವು.

ಸರ್ಟಿಫಿಕೇಟು ಒಯ್ಯಲು ಅಕ್ಕ ಬಂದದ್ದು ಒಂದು ಬೆಳಿಗ್ಗೆ. ಸ್ಕೂಲಿನವರು ಸೋಮವಾರದಿಂದ ಬಾ ಎಂದಿದ್ದರಂತೆ. ಮೇಷ್ಟರು ಆಗತಾನೆ ಊದಿನಕಡ್ಡಿ ಹಚ್ಚುತ್ತಿದ್ದರು. ಚಿತ್ರ ಶುರು ಮಾಡುವ ಮೊದಲು ಕೈ ತಡೆದು, ನಾವಿಬ್ಬರೂ ಇದ್ದದ್ದನ್ನು ಮರೆತು, ಮೂಗಿನಲ್ಲಿ ದನಿ ತೆಗೆದು ಮೆಷಿನ್ನನ್ನೇ ಕೇಳಿದರು: "ನಿನ್ನೆ ಹತ್ತಿದೋರು ಯಾರಾದ್ರೂ ಒಳಗಿದೀರೇನಪ್ಪಾ?"

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನನ್ನ ಕಡೆ ನೋಡಿದಳು. "ನಿನಗಿಂತ ಚೆನ್ನಾಗಿ ಮಾಡ್ತಾರೆ ಕಣ್ಲಾ" ಎಂದಳು.