ಸ್ಪಂಜಪ್ಪನ ಎಡಗೈ

ಕತ್ತಿ ಹರಿತವಾಗಿದೆ ಎಂದು ಗಿರಾಕಿಯನ್ನು ನಂಬಿಸುವುದು ಸುಲಭ. ಒಂದು ಸೌತೆಕಾಯಿ ಸಾಕು. ಹರಿತವಿಲ್ಲ ಎಂದು ನಂಬಿಸುವುದೇ ಕಷ್ಟ. ಸ್ಪಂಜಪ್ಪನ ವ್ಯಾಪಾರ ಈ ಎರಡನೆಯ ಜಾತಿಯದು. ನೋಡಿದವರ ಎದೆ ಝಲ್ಲೆನ್ನಬೇಕು, ಏಟು ತಿಂದವರು ನಗಬೇಕು. ಅಂಥ ಕತ್ತಿ, ಕೊಡಲಿ, ಗದೆ, ಈಟಿಗಳನ್ನು ಅವನು ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಕೂತು ಮಾಡುತ್ತಿದ್ದ. ಹೆತ್ತವರು ಇಟ್ಟ ಹೆಸರು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಬೆಚ್ಚಗೆ ಮಲಗಿತ್ತು. ಊರಿಗೆಲ್ಲ ಅವನು ಸ್ಪಂಜಪ್ಪ.

ಒಳಗೆ ನೀರಿನ ಪ್ಲಾಸ್ಟಿಕ್ ಪೈಪು, ಪೈಪಿನ ಸುತ್ತ ಸ್ಪಂಜು, ಸ್ಪಂಜಿನ ಮೇಲೆ ರಬ್ಬರಿನ ಅಂಟು, ಅಂಟು ಒಣಗಿದ ಮೇಲೆ ಬೆಳ್ಳಿ ಬಣ್ಣ, ಕೊನೆಗೆ ಚಿಂದಿಬಟ್ಟೆ ಅದ್ದಿ ಒತ್ತಿದ ಕಂದು ಬಣ್ಣದ ತುಕ್ಕು. ಅವನ ಹೆಂಡತಿಯ ತಮ್ಮನಿಗೆ ಪೇಟೆಯಲ್ಲಿ ವೇಷದ ಬಟ್ಟೆ ಬಾಡಿಗೆಗೆ ಕೊಡುವ ಅಂಗಡಿ. “ಭಾವ, ಹಳೇ ಸಾಮಾನಿಗೆ ಹೊಳಪು ಕೊಟ್ಟು ಮಾರೋರನ್ನ ನೋಡಿದೀನಿ. ಹೊಸಾದಕ್ಕೆ ತುಕ್ಕು ಹಿಡಿಸಿ ಮಾರೋರು ನೀವೊಬ್ರೇ,” ಎಂದು ಅವನು ಛೇಡಿಸುತ್ತಿದ್ದ. ಛೇಡಿಸುತ್ತಲೇ ಕೈಗೆ ಸಿಕ್ಕಷ್ಟು ಕಂಕುಳಲ್ಲಿ ಇರುಕಿಕೊಂಡು ಹೋಗುತ್ತಿದ್ದ.

ಆದರೆ ಒಳ್ಳೆಯ ಮಾಲೆಲ್ಲ ಹೋಗುತ್ತಿದ್ದುದು ಕಾಳಗದ ಕೂಟಕ್ಕೆ. ವಾರವಿಡೀ ತಲೆ ತಗ್ಗಿಸಿ ದುಡಿದವರು ರಜೆಯ ದಿನ ಒಂದು ಖಾಲಿ ಗೋದಾಮಿನಲ್ಲಿ ಸೇರಿ, ರಾಜ ಸೇನಾಪತಿಗಳ ವೇಷ ತೊಟ್ಟು, ಒಬ್ಬರನ್ನೊಬ್ಬರು ಬಡಿದು, ಮೈ ಹಗುರ ಮಾಡಿಕೊಂಡು ಮನೆಗೆ ಹೋಗುತ್ತಿದ್ದರು. ಔಷಧಿ ಅಂಗಡಿಯಾಕೆ ಇದ್ದಳು, ಲೆಕ್ಕದ ಮೇಷ್ಟ್ರು ಇದ್ದರು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವ, ಇರುವೆಗೂ ದಾರಿ ಬಿಟ್ಟು ನಡೆಯುವ ಒಬ್ಬ ದರ್ಜಿಯೂ ಇದ್ದ.

ಇವರು ಮಾಲು ನೋಡಲು ಬಂದಾಗ ಸ್ಪಂಜಪ್ಪ ಮಾತಾಡುತ್ತಿರಲಿಲ್ಲ. ಅಂಗಿಯ ಎಡತೋಳು ಮೇಲಕ್ಕೆ ಸುತ್ತಿ, ಮೊಣಕೈಯಿಂದ ಕೆಳಗಿನ ಭಾಗವನ್ನು ಮೇಜಿನ ಮೇಲೆ ಚಾಚಿ, ಬಲಗೈಯಲ್ಲಿ ಆಯುಧ ಎತ್ತಿ ಬೀಸಿ ಹೊಡೆದುಕೊಳ್ಳುತ್ತಿದ್ದ. ಆಮೇಲೆ ನಕ್ಕು, “ನಂಗೆ ನೋಯದ್ದು ನಿಮಗೂ ನೋಯಲ್ಲ,” ಎನ್ನುತ್ತಿದ್ದ. ಗ್ಯಾರಂಟಿ ಚೀಟಿ ಇಲ್ಲದ ಆ ವ್ಯಾಪಾರಕ್ಕೆ ಅದೇ ಗ್ಯಾರಂಟಿ.

ಮಗಳು ಓದು ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ತಾನೂ ಕೂಟಕ್ಕೆ ಹೋಗುತ್ತೇನೆಂದು ಹಟ ಹಿಡಿದು ಕೂತಾಗ, ಹೆಂಡತಿಯ ಮುಂದೆಯೂ ಅವನು ಅದನ್ನೇ ಮಾಡಿದ.

“ನಿಮ್ಮ ಚರ್ಮಕ್ಕೂ ಅವಳ ಚರ್ಮಕ್ಕೂ ಹೋಲಿಕೇನಾ?” ಎಂದಳು ಹೆಂಡತಿ.

“ಅವಳಿಗೆ ಇರೋದು ನಂದೇ ಚರ್ಮ. ಇಷ್ಟು ವರ್ಷ ಮಾರಿದೀನಿ, ಯಾರಾದ್ರೂ ಒಬ್ರು ಅಮ್ಮಾ ಅಂದಿದಾರೇನು?”

“ಆಯ್ತು. ನಿಮ್ಮ ಮಾತು ನಂಬಿ ಕಳಿಸ್ತಿದೀನಿ. ಅವಳ ಮೈ ಮೇಲೆ ಒಂದೇ ಒಂದು ಬಾಸುಂಡೆ ಕಾಣಲಿ, ಆ ಶೆಡ್ಡಿಗೆ ಬೀಗ ಹಾಕೋಳು ನಾನು.”

ಬೀಗದ ಮಾತಿಗೆ ಅವನು ನಕ್ಕಿದ್ದ. ಆದರೆ ಅವತ್ತಿನಿಂದ ಅವನ ಮಾತಿಗೆ ಅಡಮಾನವಾಗಿದ್ದವಳು ಮಗಳು.

ಈ ಕಸುಬಿನಲ್ಲಿ ಒಂದು ತೊಡಕಿದೆ. ಸ್ಪಂಜು ದಪ್ಪವಿದ್ದರೆ ಕತ್ತಿ ದಿಂಬಿನ ಹಾಗೆ ಕಾಣುತ್ತದೆ, ತೆಳುವಾದಷ್ಟೂ ಕತ್ತಿಯಾಗುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ಹೇಳುತ್ತಿದ್ದುದು ಅವನ ಎಡಗೈ. ಒಂದು ಪದರ ಹೆರೆಯುವುದು, ಕೈಗೆ ಹೊಡೆದುಕೊಳ್ಳುವುದು. ಚುರ್ ಎಂದರೆ ಹೆರೆದದ್ದನ್ನು ಮತ್ತೆ ಅಂಟಿಸುವುದು, ಎನ್ನದಿದ್ದರೆ ಇನ್ನೊಂದು ಪದರ. ಈಚೆಗೆ ಆ ಕೈ ಚುರ್ ಎನ್ನುವುದನ್ನೇ ಬಿಟ್ಟಿತ್ತು. ಸ್ಪಂಜಪ್ಪ ಅದನ್ನು ತನ್ನ ಕೈಚಳಕ ಎಂದುಕೊಂಡ, ಕೈ ಮೇಲಿನ ಕಲೆಗಳನ್ನು ಬಣ್ಣದ ಡಬ್ಬದ ಕಲೆ ಎಂದುಕೊಂಡ. ಮಾರುವವನು ತನ್ನ ಮಾಲಿನ ಹೊಗಳಿಕೆಯನ್ನು ತಾನೇ ಕೊಂಡುಕೊಂಡರೆ ಅಂಗಡಿಗೆ ಕೇಡು. ಅವನು ಸಗಟಾಗಿ ಕೊಂಡುಕೊಂಡ. ಹೆರೆದ, ಹೊಡೆದುಕೊಂಡ, ನಕ್ಕ, ಇನ್ನೂ ಹೆರೆದ. ಕತ್ತಿಗಳು ಎಂದೂ ಇಲ್ಲದಷ್ಟು ಚೆಲುವಾದವು. ಅಂಚು ಕೂದಲೆಳೆಯಾಯಿತು, ಕೊಡಲಿಯ ಬಾಯಿ ಬೆಳಕಿಗೆ ತುಟಿ ತೆರೆದಂತೆ ಕಾಣತೊಡಗಿತು.

ಶೆಡ್ಡಿನ ಅಡ್ಡತೊಲೆಗೆ ಅವನ್ನು ಸಾಲಾಗಿ ತೂಗುಹಾಕುವುದು ವಾಡಿಕೆ. ಮೊದಲೆಲ್ಲ ಗಾಳಿ ಬಂದು ಒಂದಕ್ಕೊಂದು ತಾಗಿದರೂ, ಬೆಕ್ಕು ಮಗ್ಗುಲು ಬದಲಿಸಿದಷ್ಟೂ ಸದ್ದಾಗುತ್ತಿರಲಿಲ್ಲ. ಈಗ ಟಕ್ ಎನ್ನುತ್ತಿದ್ದವು. ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಮೂಲೆಯಿಂದ ಇನ್ನೊಂದು, ಟಕ್. ಬಾಗಿಲು ತಟ್ಟಿದರೆಂದು ಅವನು ಎದ್ದು ಹೋಗಿ ನೋಡಿದ್ದೂ ಉಂಟು. ಹೊರಗೆ ಬಿಸಿಲು ಬಿಟ್ಟರೆ ಯಾರೂ ಇರುತ್ತಿರಲಿಲ್ಲ.

ಗಿರಾಕಿಗಳೂ ಬದಲಾದರು. ಹಿಂದೆ ಬಂದವರು ಶೆಡ್ಡಿನಲ್ಲೇ ಇಬ್ಬಿಬ್ಬರಾಗಿ ಬಡಿದಾಡಿ, ಅಂಟಿನ ಡಬ್ಬ ಚೆಲ್ಲಿ, ಬೈಸಿಕೊಂಡು ಹೋಗುತ್ತಿದ್ದರು. ಈಗ ಬಂದವರು ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಅವನು ಹೊಡೆದುಕೊಳ್ಳುವಾಗ ಕತ್ತಿಯನ್ನು ನೋಡುತ್ತಿರಲಿಲ್ಲ, ಅವನ ಮುಖ ನೋಡುತ್ತಿದ್ದರು. ಮುಖ ನೋಡಿ, ಕೈ ನೋಡಿ, ಒಬ್ಬರನ್ನೊಬ್ಬರು ನೋಡಿಕೊಳ್ಳದೆ, ಮಾಲು ಎತ್ತಿಕೊಂಡು ಹೋಗುತ್ತಿದ್ದರು. ಚೌಕಾಸಿ ಕೂಡ ಇಲ್ಲ. ಚೌಕಾಸಿ ಮಾಡದ ಗಿರಾಕಿಯನ್ನು ಕಂಡಾಗಲೇ ವ್ಯಾಪಾರಿ ಹೆದರಬೇಕಿತ್ತು.

ಬೇಸಿಗೆ ಏರಿತು. ತಗಡು ಕಾದು ಶೆಡ್ಡು ಒಲೆಯಾಯಿತು. ಔಷಧಿ ಅಂಗಡಿಯಾಕೆ ಮಣಿಕಟ್ಟಿನವರೆಗೆ ಗುಂಡಿ ಹಾಕಿದ ತುಂಬುತೋಳಿನ ಅಂಗಿ ತೊಟ್ಟು ಬಂದಳು.

“ಏನಮ್ಮಾ, ಈ ಸೆಕೇಲಿ ತುಂಬುತೋಳು?”

“ಸೊಳ್ಳೆ, ಸ್ಪಂಜಪ್ಪ.”

“ಮಟಮಟ ಮಧ್ಯಾಹ್ನಾನಾ?”

“ನಮ್ಮ ಕಡೆ ಹಂಗೇ,” ಎಂದು ಆಕೆ ಗೋಡೆಯ ಕಡೆ ತಿರುಗಿದಳು.

ಮರುವಾರ ಮೇಷ್ಟ್ರು ತುಂಬುತೋಳು. ಆಮೇಲೆ ದರ್ಜಿ. ಊರಿಗೆ ಹೊಸ ಫ್ಯಾಷನ್ ಬಂದಿದೆಯೆಂದು ಸ್ಪಂಜಪ್ಪ ಭಾವಮೈದನಿಗೆ ಹೇಳಿದ. ಅವನು ವ್ಯಾಪಾರಿ ಬುದ್ಧಿಯಲ್ಲಿ ತುಂಬುತೋಳಿನ ಅಂಗಿ ತರಿಸಿಯೂ ಇಟ್ಟ. ಒಂದು ಬೆಳಿಗ್ಗೆ ಮಗಳು ತಿಂಡಿಗೆ ಬಂದು ಕೂತಳು. ಅವಳದೂ ತುಂಬುತೋಳು. ತಟ್ಟೆಯಿಂದ ಬಾಯಿಗೆ ಕೈ ಎತ್ತುವಾಗ ನಡುವೆ ಒಮ್ಮೆ ನಿಲ್ಲಿಸಿ, ಉಸಿರು ಹಿಡಿದು, ಮತ್ತೆ ಎತ್ತುತ್ತಿದ್ದಳು. ತಾಯಿ ನೋಡಿದಳು.

“ಏನಾಯ್ತೇ?”

“ಏನಿಲ್ಲಮ್ಮ. ಆಫೀಸಲ್ಲಿ ಏಸಿ, ಚಳಿ.”

ಕೂಟದ ದೊಡ್ಡ ಪ್ರದರ್ಶನದ ದಿನ ಬಂತು. ಈಚೆಗೆ ಅದನ್ನು ನೋಡಲು ಜನ ಹೆಚ್ಚಿದ್ದರಿಂದ ಟಿಕೆಟ್ಟು ಇಟ್ಟಿದ್ದರು. ಎರಡು ಕೈಯಲ್ಲಿ ಹಿಡಿಯುವ ಉದ್ದನೆಯ ಕತ್ತಿಯೊಂದನ್ನು ಸ್ಪಂಜಪ್ಪ ದರ್ಜಿಗೆಂದೇ ಮಾಡಿಕೊಟ್ಟಿದ್ದ. ತನ್ನ ಜನ್ಮದಲ್ಲೇ ಅವನು ಅಷ್ಟು ತೆಳುವಾದದ್ದು ಮಾಡಿರಲಿಲ್ಲ. ಸಂಜೆಯ ಕೊನೆಯ ಕಾಳಗ ದರ್ಜಿಗೂ ಮಗಳಿಗೂ.

ಊಟ ಮುಗಿಸಿ ಅವನು ಶೆಡ್ಡಿನ ಬೆಂಚಿನ ಮೇಲೆ ಅಡ್ಡಾದ. ಮಗಳು ಆಗಲೇ ಹೋಗಿದ್ದಳು. ಗಾಳಿ ಇರಲಿಲ್ಲ, ತೂಗಿದ ಆಯುಧಗಳು ಮಾತಾಡುತ್ತಿರಲಿಲ್ಲ. ಜೊಂಪು ಹತ್ತಿ ಎಷ್ಟು ಹೊತ್ತಾಗಿತ್ತೋ, ಎದೆಯ ಮೇಲೆ ಯಾರೋ ಕೈ ಇಟ್ಟರು.

ತೂಕದ ಕೈ. ತಣ್ಣಗಿತ್ತು. ಇಟ್ಟವರು ಅದನ್ನು ಒತ್ತಲೂ ಇಲ್ಲ, ತೆಗೆಯಲೂ ಇಲ್ಲ. “ಯಾರು?” ಎಂದ. ಮೆಲ್ಲನೆ ಬಲಗೈಯಿಂದ ಆ ಮಣಿಕಟ್ಟು ಹಿಡಿದ. ಹಿಡಿದರೂ ಅದು ಬಿಡಿಸಿಕೊಳ್ಳಲಿಲ್ಲ. ಕಣ್ಣು ಬಿಟ್ಟು ನೋಡಿದರೆ, ಹೊಡೆತ ತಿಂದೂ ತಿಂದೂ ಬಣ್ಣಗೆಟ್ಟ ಕೈ. ಹಳೆಯ ಹಳದಿಯ ಮೇಲೆ ಹಸಿರು, ಹಸಿರಿನ ಮೇಲೆ ನೇರಳೆ. ಯಾವ ಪಾಪಿಯೋ ಯಾರನ್ನೋ ಹೀಗೆ ಬಡಿದಿದ್ದಾನೆ ಎಂದು ಅವನಿಗೆ ಕರುಳು ಚುರ್ ಎಂದಿತು. ಮೊಣಕೈಯವರೆಗೆ ಕಣ್ಣು ಹೋಯಿತು, ಅಲ್ಲಿಂದ ತೋಳಿಗೆ, ತೋಳಿನಿಂದ ತನ್ನದೇ ಅಂಗಿಯ ಒಳಕ್ಕೆ. ಆ ಕೈ ಬಂದು ಸೇರುತ್ತಿದ್ದುದು ತನ್ನ ಭುಜಕ್ಕೆ.

ಚಿವುಟಿದ. ಕಚ್ಚಿದ. ಹಲ್ಲಿನ ಗುರುತು ಮೂಡಿತು, ಇನ್ನೊಬ್ಬನ ಕೈ ಮೇಲೆ ಮೂಡಿದಂತೆ.

ಆಮೇಲೆ ತೊಲೆಯಿಂದ ಒಂದು ಕತ್ತಿ ಕಿತ್ತು, ಆ ಪರಕೀಯ ಕೈಗೆ ಕೊಟ್ಟು, ತನ್ನ ಬಲಗೈ ಮೇಜಿನ ಮೇಲೆ ಚಾಚಿ ಹೊಡೆಸಿಕೊಂಡ. ಕಣ್ಣಿಗೆ ಕತ್ತಲು ಕವಿದು ನೆಲಕ್ಕೆ ಕುಸಿದ. ಕಣ್ಣೀರು ನಿಂತಾಗ ಅವನ ಕಣ್ಣ ಮುಂದೆ ಬಂದದ್ದು ದರ್ಜಿಗೆ ಕೊಟ್ಟ ಆ ಉದ್ದನೆಯ ಕತ್ತಿ.

“ಚಪ್ಪಲಿ ಇಲ್ದೆ ಎಲ್ಲಿಗೆ ಹೊರಟ್ರಿ?” ಎಂದು ಹೆಂಡತಿ ಹಿಂದಿನಿಂದ ಕೇಳಿದಳು.

“ಮಗಳ ಹತ್ರ,” ಎಂದವನು ಆಗಲೇ ಬೀದಿಯಲ್ಲಿದ್ದ.

ಗೋದಾಮಿನ ಬಾಗಿಲಿಗೆ ಬಂದಾಗ ಒಳಗೆ ಯಾರೂ ಇಲ್ಲವೇನೋ ಅನ್ನಿಸಿತು, ಅಷ್ಟು ಮೌನ. ಪರದೆ ಸರಿಸಿದರೆ ಕುರ್ಚಿ ಖಾಲಿ ಇಲ್ಲದ ಹಾಗೆ ಜನ. ಯಾರೂ ಕೂಗುತ್ತಿಲ್ಲ, ಶಿಳ್ಳೆ ಇಲ್ಲ. ಎಲ್ಲರೂ ಮುಂದಕ್ಕೆ ಬಾಗಿ, ಬಾಯಿ ಸ್ವಲ್ಪ ತೆರೆದು ನೋಡುತ್ತಿದ್ದರು. ನಡುವೆ ಟಕ್, ಟಕ್. ಮಗಳು ಗುರಾಣಿ ಕಳೆದುಕೊಂಡು ಹಿಂದೆ ಹಿಂದೆ ಸರಿಯುತ್ತಿದ್ದಳು, ಮುಖದ ಮೇಲೆ ಒಂದು ನಗು. ಆ ನಗು ಅವನಿಗೆ ಗೊತ್ತಿತ್ತು. ಮೇಜಿನ ಮೇಲೆ ಕೈ ಚಾಚಿದಾಗ ತಾನು ನಗುತ್ತಿದ್ದದ್ದು. ದರ್ಜಿಯ ಮುಖದಲ್ಲಿ ಸಿಟ್ಟಿಲ್ಲ, ದ್ವೇಷವಿಲ್ಲ. ಅಳತೆ ತೆಗೆಯುವಾಗಿನ ಮುಖ. ಭುಜ ಅಳೆದ, ಹೊಡೆದ. ಸೊಂಟ ಅಳೆದ, ಹೊಡೆದ. ತಲೆ ಅಳೆದು ಕತ್ತಿ ಎತ್ತಿದ.

ಸ್ಪಂಜಪ್ಪ ನಡುವೆ ಬಂದು ಬಲಗೈ ಅಡ್ಡ ಹಿಡಿದ. ಏಟು ಬಿತ್ತು.

“ನೋಯ್ತು,” ಎಂದ.

ಬಹಳ ಕಾಲದಿಂದ ಆ ಗೋದಾಮಿನಲ್ಲಿ ಯಾರೂ ಆಡದ ಮಾತು. ಆಮೇಲೆ ಔಷಧಿ ಅಂಗಡಿಯಾಕೆ ಎದ್ದು ಬಂದು ಮಣಿಕಟ್ಟಿನ ಗುಂಡಿ ಬಿಚ್ಚಿದಳು, ತೋಳು ಮೇಲಕ್ಕೆ ಸುತ್ತಿದಳು. ಮೇಷ್ಟ್ರು ಸುತ್ತಿದರು. ವೇಷ ತೊಟ್ಟವರೆಲ್ಲ ಒಬ್ಬೊಬ್ಬರಾಗಿ ತೋಳು ಸುತ್ತಿ ನಿಂತರು. ಹಳದಿ, ಹಸಿರು, ನೇರಳೆ. ಎಲ್ಲರ ಮೈಗೂ ಸ್ಪಂಜಪ್ಪನ ಎಡಗೈಯನ್ನೇ ಹೊಲಿದು ಹಾಕಿದ ಹಾಗಿತ್ತು.

“ಯಾಕೆ ಯಾರೂ ಹೇಳ್ಲಿಲ್ಲ?”

“ಹೆಂಗೆ ಹೇಳೋದು?” ಎಂದರು ಮೇಷ್ಟ್ರು. “ನೀವು ನಮ್ಮ ಕಣ್ಣೆದುರೇ ಹೊಡ್ಕೊಂಡು ನಗ್ತಿದ್ರಿ. ಎಲ್ರೂ ಸುಮ್ನಿದಾರೆ, ನಂಗೊಬ್ಬನಿಗೇ ನೋಯ್ತಿದೆ ಅಂದ್ಕೊಂಡಿದ್ದೆ.”

“ನಂಗೆ ನಿಮ್ಮನ್ನ ಕಂಡ್ರೇ ಭಯ ಆಗ್ತಿತ್ತು,” ಎಂದಳು ಔಷಧಿ ಅಂಗಡಿಯಾಕೆ. “ಕೈ ಹಂಗೆ ಕಪ್ಪಿಟ್ಟಿದೆ, ಮುಖದಲ್ಲಿ ನಗು.”

ಅವನು ಮಗಳ ಕಡೆ ತಿರುಗಿದ. “ನೀನಾದ್ರೂ ಹೇಳ್ಬಾರ್ದಿತ್ತೇನೇ?”

“ಅಮ್ಮಂಗೆ ಮಾತು ಕೊಟ್ಟಿದ್ದೆಯಲ್ಲಪ್ಪಾ,” ಎಂದಳು ಮಗಳು. “ನಾನು ನೋಯ್ತು ಅಂದ್ರೆ ನೀನು ಸುಳ್ಳಾಗ್ತಿದ್ದೆ.”

ಅಲ್ಲಿಯವರೆಗೆ ಮುಂದಕ್ಕೆ ಬಾಗಿ ಕೂತಿದ್ದ ಜನ ಹಿಂದಕ್ಕೆ ಒರಗಿದರು. ಕೆಲವರು ಟಿಕೆಟ್ಟಿನ ದುಡ್ಡು ವಾಪಸು ಕೇಳಿದರು.

ಹೆಂಡತಿ ಮಾತಿಗೆ ತಪ್ಪಲಿಲ್ಲ, ಶೆಡ್ಡಿಗೆ ಬೀಗ ಜಡಿದಳು. ವೈದ್ಯರು ಕುತ್ತಿಗೆಯ ಹತ್ತಿರ ನರ ಒತ್ತಿಕೊಂಡಿದೆ, ಎಡಗೈ ಆಡುತ್ತದೆ, ಸ್ಪರ್ಶ ಮರಳುವುದು ಸಂಶಯ ಎಂದರು. ಅನ್ನ ಹುಟ್ಟುವ ಬಾಗಿಲಿಗೆ ಬೀಗ ಬಹಳ ದಿನ ನಿಲ್ಲುವುದಿಲ್ಲ; ಅವಳೇ ತೆಗೆದಳು, ಆದರೆ ಕರಾರಿನ ಮೇಲೆ. ಇನ್ನು ಪರೀಕ್ಷೆ ಬಲಗೈಗೆ, ಹೊಡೆಯುವವಳು ಅವಳು. ಆ ಕೆಲಸವನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಕತ್ತಿಗಳು ಮತ್ತೆ ದಪ್ಪವಾದವು. “ಭಾವ, ಇದನ್ನ ಬೀಸಬೇಕೋ, ತಲೆ ಕೆಳಗೆ ಇಟ್ಕೋಬೇಕೋ?” ಎಂದ ಭಾವಮೈದ. ಕೂಟದವರು ಕೊಂಡರು, ನಕ್ಕರು, ಬಡಿದಾಡಿದರು. ನೋಡಲು ಬರುತ್ತಿದ್ದ ಜನ ಬರುವುದನ್ನು ಬಿಟ್ಟರು.

ಆದರೆ ಹಿತ್ತಲ ಬಾಗಿಲಿಗೆ ಒಬ್ಬೊಬ್ಬರೇ ಬರತೊಡಗಿದರು. ಹಿಂದೆಂದೂ ಕೂಟದಲ್ಲಿ ಕಾಣದವರು, ಕುರ್ಚಿಯಲ್ಲಿ ಕೂತು ನೋಡಿದವರು. “ಹಳೇ ಮಾಲು ಏನಾದ್ರೂ ಉಳಿದಿದೆಯಾ?” ಎಂದು ತಗ್ಗಿದ ದನಿಯಲ್ಲಿ ಕೇಳುತ್ತಿದ್ದರು. ಎಷ್ಟು ಬೇಕಾದರೂ ಕೊಡುತ್ತೇವೆ ಎನ್ನುತ್ತಿದ್ದರು. ವ್ಯಾಪಾರಿಗೆ ಬೇಡಿಕೆಯ ವಾಸನೆ ಬೇಗ ಹತ್ತುತ್ತದೆ. ಸ್ಪಂಜಪ್ಪನಿಗೂ ಹತ್ತಿತು; ಒಂದೂ ಇಲ್ಲ ಎಂದು ಬಂದವರನ್ನು ಕಳಿಸಿದ. ಅವತ್ತೇ ತೊಲೆಯಿಂದ ಅವನ್ನೆಲ್ಲ ಇಳಿಸಿ, ಬ್ಲೇಡಿನಿಂದ ಸೀಳತೊಡಗಿದ. ಎಡಗೈಯಲ್ಲಿ ಹಿಡಿಯುವುದು, ಬಲಗೈಯಲ್ಲಿ ಸೀಳುವುದು. ಅಷ್ಟು ಚೆಲುವಾದದ್ದು ಮತ್ತೆ ಆಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಪ್ರದರ್ಶನದ ದಿನವೇ ದರ್ಜಿಯಿಂದ ವಾಪಸು ತಂದಿದ್ದ ಉದ್ದನೆಯ ಕತ್ತಿಯ ಸರದಿ ಬಂದಾಗ ದರ್ಜಿ ಬಾಗಿಲಲ್ಲಿ ನಿಂತಿದ್ದ. ಯಾವಾಗ ಬಂದನೋ. ಒಳಗೆ ಬಂದು ಸ್ಟೂಲಿನ ಮೇಲೆ ಕೂತ, ಬಾಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಅಂಗಿಯ ಅಂಚಿಗೆ ಚುಚ್ಚಿಕೊಂಡ.

“ಅದನ್ನೂ ಸೀಳ್ತೀರಾ?”

“ಹೂಂ.”

“ಮಗಳು ಹೆಂಗಿದಾಳೆ?”

“ವಾಸಿಯಾಗ್ತಿದಾಳೆ.”

“ಒಳ್ಳೆ ಹುಡುಗಿ,” ಎಂದ ದರ್ಜಿ. ಅವನ ದನಿಯಲ್ಲಿ ಪ್ರೀತಿಯೇ ಇತ್ತು.

ಬೆಳ್ಳಿಯ ಸಿಪ್ಪೆ ಸುಲಿದು ಬಿತ್ತು, ಸ್ಪಂಜಿನ ಚೂರು ಹಾರಿದವು. ದರ್ಜಿ ಬಿದ್ದ ಚೂರುಗಳನ್ನು ನೋಡಲಿಲ್ಲ. ಕೊನೆಗೆ ಒಳಗಿನ ಬರೀ ಪೈಪು ಉಳಿಯಿತು, ಬೂದು ಬಣ್ಣದ್ದು, ಅಂಟಿನ ಕಲೆಯದು.

“ಆ ಪೈಪಾದ್ರೂ ಕೊಡ್ತೀರಾ?”

“ಯಾತಕ್ಕೆ?”

“ಸುಮ್ನೆ. ಅಂಗಡೀಲಿ ಇರ್ಲಿ ಅಂತ.”

“ಕೊಡಲ್ಲ.”

ದರ್ಜಿ ಎದ್ದು ಹತ್ತಿರ ಬಂದ. ಪೈಪು ಇದ್ದದ್ದು ಸ್ಪಂಜಪ್ಪನ ಎಡಗೈಯಲ್ಲಿ. ಅದು ಇನ್ನೂ ಅಲ್ಲಿದೆಯೋ ಇಲ್ಲವೋ ತಿಳಿಯಲು ಅವನು ಕಣ್ಣು ಕೆಳಗಿಳಿಸಿ ನೋಡಬೇಕಾಯಿತು. ಇತ್ತು. ಅದರ ಇನ್ನೊಂದು ತುದಿಯಲ್ಲಿ ದರ್ಜಿಯ ಕೈಯೂ ಇತ್ತು.