ಗರಿಕೆ ಕೂದಲಿನ ಅಜ್ಜಿಯರು

ನಾನು ಮಗುವಾಗಿದ್ದಾಗಲೇ ನನ್ನ ಎಡಗಾಲು ಪೋಲಿಯೊ ಪಾಲಾಯಿತು. ಉಳಿದಂತೆ ನಾನು ಚೆನ್ನಾಗಿಯೇ ಇದ್ದೆ, ಬಾಯಿಯಂತೂ ಇನ್ನೂ ಚೆನ್ನಾಗಿತ್ತು. ಆದರೆ ಮಾಗಡಿ ತಾಲ್ಲೂಕಿನ ನಮ್ಮೂರಿನಲ್ಲಿ ಹೆಣ್ಣಾಳನ್ನು ನೋಡುವಾಗ ಮೊದಲು ನೋಡುವುದು ಕಾಲನ್ನೇ. ಕಳೆಗೋ ರಾಗಿ ಕೊಯ್ಲಿಗೋ ಆಳು ಕರೆಯಲು ಬಂದವರು ನಮ್ಮ ಬಾಗಿಲಲ್ಲಿ ನಿಂತು ಅತ್ತಿಗೆಯನ್ನು ಕರೆದು ಮುಂದೆ ಹೋಗುತ್ತಿದ್ದರು. ಜಗುಲಿಯಲ್ಲಿ ಕುಳಿತ ನನ್ನನ್ನು ನೋಡಿ ಒಂದು ನಗೆ ನಗುತ್ತಿದ್ದರು, ಅಷ್ಟೆ. ಅಣ್ಣನ ಮನೆಯಲ್ಲಿ ಯಾರೂ ನನ್ನನ್ನು ಹಂಗಿಸಲಿಲ್ಲ, ಸುಳ್ಳು ಹೇಳಬಾರದು. ಆದರೆ ಹಂಗಿಸದೆ ಇಕ್ಕಿದ ತುತ್ತೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ಉಂಡವರಿಗೇ ಗೊತ್ತು.

ಅದು ಬಿಡದಿಯ ಸುತ್ತ ಒಂದರ ಹಿಂದೊಂದು ಕಾರ್ಖಾನೆ ಏಳುತ್ತಿದ್ದ ಕಾಲ. ಊರಿನ ಗಟ್ಟಿಮುಟ್ಟಾದ ಹುಡುಗರು, ಓದಿದ ಹುಡುಗಿಯರು ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಸಂಜೆ ಕೊರಳಿಗೆ ಕಾರ್ಡು ತೂಗುಹಾಕಿಕೊಂಡು ಬರುತ್ತಿದ್ದರು. ನನಗೂ ಆಸೆಯಾಯಿತು. ಒಂದು ದಿನ ಅವರ ಜೊತೆಗೇ ಹೋಗಿ ಒಂದು ಕಾರ್ಖಾನೆಯ ಗೇಟಿನಲ್ಲಿ ನಿಂತೆ. ಕಾವಲಿನವನು ನನ್ನ ಕಾಲು ನೋಡಿದ.

“ನಿಂತ್ಕಂಡು ಮಾಡೋ ಕೆಲ್ಸ ಕಣಮ್ಮ,” ಎಂದ.

“ನೀನು ಕುಂತ್ಕಂಡೇ ಮಾಡ್ತಿದ್ದೀಯಲ್ಲಣ್ಣ, ಅಂಥದ್ದು ಒಂದಿದ್ರೆ ಹೇಳು,” ಎಂದೆ.

ಅವನು ನಕ್ಕ, ಆದರೆ ಗೇಟು ತೆರೆಯಲಿಲ್ಲ. ಬಿಡದಿಯಿಂದ ನನಗೆ ದಕ್ಕಿದ್ದು ಎರಡು ತಟ್ಟೆ ಇಡ್ಲಿ ಮಾತ್ರ.

ಅದಾದ ಮೇಲೆ ಉದ್ಯೋಗ ಖಾತ್ರಿ ಬಂತು. ಕೇಳಿದವರಿಗೆ ಕೆಲಸ ಕೊಡಲೇಬೇಕು ಎಂಬ ಕಾನೂನು ದಿಲ್ಲಿಯಲ್ಲಿ ಆಗಿದೆಯಂತೆ ಎಂದು ಪಂಚಾಯ್ತಿಯ ಕಾರ್ಯದರ್ಶಿ ಗ್ರಾಮಸಭೆಯಲ್ಲಿ ಓದಿ ಹೇಳಿದರು. ನಮ್ಮೂರ ಕೆರೆಯ ಹೂಳೆತ್ತುವ ಕೆಲಸ. ಗಟ್ಟಿಗರೆಲ್ಲ ಬಿಡದಿಯ ದಾರಿ ಹಿಡಿದಿದ್ದರಿಂದ ಸಭೆಯಲ್ಲಿ ಕುಳಿತವರು ಹೆಚ್ಚಾಗಿ ಹೆಂಗಸರು, ಗಂಡ ಸತ್ತವರು, ಅಜ್ಜ ಅಜ್ಜಿಯರು. ಕಾರ್ಯದರ್ಶಿ ಓದುತ್ತಾ ಓದುತ್ತಾ ಇನ್ನೊಂದು ಮಾತು ಹೇಳಿದರು. ಕೆಲಸದ ಜಾಗಕ್ಕೆ ಚಿಕ್ಕ ಮಕ್ಕಳು ಹೆಚ್ಚಾಗಿ ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಬೇಕು, ಅವಳಿಗೂ ಎಲ್ಲರಷ್ಟೇ ಕೂಲಿ.

ಗೋಡೆ ಹಿಡಿದು ಎದ್ದು ನಿಂತೆ. “ಅದಕ್ಕೆ ನಾನಿವ್ನಿ, ಬರಕೊಳ್ಳಿ,” ಎಂದೆ. ಎಲ್ಲರೂ ತಿರುಗಿ ನೋಡಿದರು. ಕೂಸಿದ್ದ ತಾಯಂದಿರು ಮೊದಲು ಹ್ಞೂಂ ಎಂದರು.

ನಮ್ಮ ಗುಂಪಿನ ಮೇಸ್ತ್ರಿ ವರಸೆಯಲ್ಲಿ ನನಗೆ ದೊಡ್ಡಪ್ಪ. ಒಳ್ಳೆಯ ಮನುಷ್ಯ, ಆದರೆ ಬೆವರು ಸುರಿಸದವರನ್ನು ಕಂಡರೆ ಆಗುತ್ತಿರಲಿಲ್ಲ. “ನಾವು ಮಣ್ಣು ಹೊರಾದು, ಇವ್ಳು ಹೊಂಗೆ ನೆಳ್ಳಲ್ಲಿ ಕುಂತು ಕೂಸಾಡ್ಸಾದು. ಇದ್ಯಾವ ಸೀಮೆ ಕಾನೂನು?” ಎಂದು ಮೊದಲ ದಿನವೇ ಗೊಣಗಿದರು. ನಾನು ಅಳುತ್ತಿದ್ದ ಒಂದು ಕೂಸನ್ನು ಎತ್ತಿ ಮಡಿಲಿಗೆ ಹಾಕಿಕೊಂಡೆ. ನಾನು ಸುಮ್ಮನಿರುವುದು ಅಪರೂಪ, ಆದರೆ ಆ ಕೆಲಸ ನನಗೆ ಬೇಕಿತ್ತು.

ಕೆರೆಯಂಗಳದಲ್ಲಿ ಮಣ್ಣು ತೆಗೆಯುವುದಕ್ಕೆ ಒಂದು ಕ್ರಮವಿದೆ. ಗುಂಡಿ ತೋಡುವಾಗ ನಡುವೆ ಮೊಣಕಾಲೆತ್ತರದ ಒಂದು ಮಣ್ಣಿನ ಕಂಬವನ್ನು ಮುಟ್ಟದೆ ಬಿಡುತ್ತಾರೆ. ಎಷ್ಟು ಆಳ ತೋಡಿದ್ದೇವೆ ಎಂಬುದಕ್ಕೆ ಅದೇ ಸಾಕ್ಷಿ. ಇಂಜಿನಿಯರ್ ಬಂದು ಅದರ ಪಕ್ಕದಲ್ಲಿ ಟೇಪು ಹಿಡಿಯುತ್ತಾರೆ, ಆ ಅಳತೆಯ ಮೇಲೆಯೇ ಗುಂಪಿನ ಕೂಲಿ. ಆ ಕಂಬದ ನೆತ್ತಿಯ ಮೇಲೆ ಹಳೆಯ ಗರಿಕೆ ಹಾಗೇ ಇರಬೇಕು. ಗರಿಕೆ ಹೋದರೆ ಮೇಲೆ ಮಣ್ಣು ಮೆತ್ತಿ ಎತ್ತರ ಮಾಡಿದ್ದಾರೆ ಎಂದು ಅನುಮಾನ.

ಮೊದಲ ಶುಕ್ರವಾರ ಎಡವಟ್ಟಾಯಿತು. ಮಣ್ಣಿನ ಗುಡ್ಡೆ, ಅದರ ತಲೆಯ ಮೇಲೆ ಗರಿಕೆ. ಇನ್ನೇನು ಬೇಕು ಹೇಳಿ? ನಮ್ಮ ಗುಂಪಿನ ಒಬ್ಬ ಅಜ್ಜಿಗೆ ಅದು ಥೇಟು ಪಿಳ್ಳಾರಿಯಾಗಿ ಕಂಡಿತು. ಹಬ್ಬದಲ್ಲಿ ಸಗಣಿಯ ಉಂಡೆಗೆ ಗರಿಕೆ ಸಿಕ್ಕಿಸಿ ಪೂಜಿಸುವ ಗಣಪ್ಪನೇ ಕೆರೆಯಲ್ಲಿ ಎದ್ದು ನಿಂತಿದ್ದಾನೆ ಎಂದು ಆಕೆ ಬೆಳಿಗ್ಗೆ ಅರಿಶಿನ ಕುಂಕುಮ ಇಟ್ಟು ಕೈ ಮುಗಿದಳು. ಅಷ್ಟಕ್ಕೇ ನಿಂತಿದ್ದರೆ ಸರಿಯಿತ್ತು. ಪೂಜೆಯಾದ ಪಿಳ್ಳಾರಿಯನ್ನು ಹಾಗೇ ಬಿಡಬಾರದಲ್ಲ, ಸಂಜೆ ಎಲ್ಲರೂ ಹೊರಟ ಮೇಲೆ ಗುದ್ದಲಿಯಿಂದ ಬುಡ ಕದಲಿಸಿ, ಮಂಕರಿ ಬುಟ್ಟಿಗೆ ತುಂಬಿ, ಕೆರೆಯ ಮೂಲೆಯಲ್ಲಿದ್ದ ನೀರಿಗೆ ಭಕ್ತಿಯಿಂದ ಬಿಟ್ಟು ಮನೆಗೆ ಹೋದಳು.

ಮಾರನೆಯ ದಿನ ಗುಂಡಿ ನೋಡಿದ ದೊಡ್ಡಪ್ಪ ತಲೆಯ ಮೇಲೆ ಕೈ ಹೊತ್ತು ಕುಳಿತರು. ಅಜ್ಜಿಯನ್ನು ಬೈಯುವಂತಿಲ್ಲ, ದೇವರ ವಿಷಯ. ಕೋಪ ಹರಿಯುವುದಕ್ಕೆ ತಗ್ಗು ಬೇಕಲ್ಲ, ನನ್ನ ಕಡೆ ತಿರುಗಿತು.

“ಇಷ್ಟ್ ಜನ ಬೆವ್ರು ಸುರ್ಸಿದ್ದು ನೀರ್ಗೋಯ್ತು. ಇನ್ ಕುಂತ್ಕಳೋರ್ನೆಲ್ಲ ಸಾಕಕ್ಕಾಗಾಕಿಲ್ಲ ಕಣಮ್ಮಿ. ಅಳತೆಗೆ ಇಂಜಿನಿಯರ್ ಬತ್ತಾರಲ್ಲ, ಅವತ್ತೇ ಹೇಳ್ಬುಡ್ತೀನಿ, ನೀನು ಮನೇಲಿರು,” ಎಂದರು.

ಮತ್ತೆ ಆ ಜಗುಲಿಯ ಮೇಲೆ ಕೂರುವುದಕ್ಕಿಂತ ಈ ಗುಂಡಿಯಲ್ಲೇ ನನ್ನನ್ನು ಮುಚ್ಚಿಬಿಡಲಿ ಎನ್ನಿಸಿತು. “ದೊಡ್ಡಪ್ಪ, ಅಳತೆ ಆಗೋಗಂಟ ಇನ್ನೊಂದು ಕಂಬ ಬೀಳಾಕಿಲ್ಲ. ಬಿದ್ರೆ ನೀನು ಹೇಳೋದೇ ಬ್ಯಾಡ, ನಾನೇ ಬರಾಕಿಲ್ಲ,” ಎಂದೆ.

ಹೇಳಿದ್ದೇನೋ ಆಯಿತು. ಕೆರೆಯ ತುಂಬ ಕಂಬಗಳು, ನನಗಿರುವುದು ಒಂದೇ ಗಟ್ಟಿ ಕಾಲು. ಕುರಿಗಳು ಗರಿಕೆಗೆ ಬಾಯಿ ಹಾಕುತ್ತವೆ, ಅಜ್ಜಿಯ ಸೊಂಟದಲ್ಲಿ ಕುಂಕುಮದ ಪೊಟ್ಟಣ ಇದ್ದೇ ಇದೆ. ಇನ್ನು ನನ್ನ ಮಕ್ಕಳೋ, ಬುಡ ಒದ್ದು ಬೀಳಿಸುವುದೇ ಅವರಿಗೆ ಆಟ. ಆ ಮಕ್ಕಳನ್ನೇ ಹೊಂಗೆಯ ಕೆಳಗೆ ಸುತ್ತ ಕೂರಿಸಿಕೊಂಡು ಗುಟ್ಟು ಹೇಳುವವಳ ಹಾಗೆ ದನಿ ತಗ್ಗಿಸಿದೆ. ಅವು ಕಂಬಗಳಲ್ಲ, ಈ ಕೆರೆ ಕಟ್ಟಿದ ಕಾಲದ ಅಜ್ಜಿಯರು. ಮಣ್ಣಲ್ಲಿ ಮಲಗಿದ್ದವರು ಈಗ ಎದ್ದು ತಲೆ ಒಣಗಿಸಿಕೊಳ್ಳುತ್ತಿದ್ದಾರೆ. ಆ ಹಸಿರೆಲ್ಲ ಅವರ ಕೂದಲು. ಒಬ್ಬೊಬ್ಬರಿಗೂ ಒಬ್ಬೊಬ್ಬ ಅಜ್ಜಿ, ನಿಮ್ಮ ನಿಮ್ಮ ಅಜ್ಜಿಯನ್ನು ನೀವು ನೀವೇ ನೋಡಿಕೊಳ್ಳಬೇಕು ಎಂದೆ.

ಆಮೇಲೆ ನಾನು ಮಾಡಿದ್ದು ಕಡಿಮೆ. ಕುರಿ ಕಂಡರೆ ಮಕ್ಕಳ ಸೈನ್ಯವೇ ಓಡುತ್ತಿತ್ತು. ಆಳು ನಡೆಯಲಾರದ ಜಾಗಕ್ಕೆ ಆಳಿನ ದನಿ ಹೋಗಬಹುದಲ್ಲ, ನಾನು ನೆರಳಿನಿಂದಲೇ ಕೂಗಿ ಕೂಗಿ ಅವರನ್ನು ಆಡಿಸುತ್ತಿದ್ದೆ. ಮುಂದಿನ ಶುಕ್ರವಾರ ಅಜ್ಜಿ ಅರಿಶಿನ ಹಿಡಿದು ಬಂದಾಗ ಮೂಗು ಸುರಿಸುವ ಒಂದು ಹೆಣ್ಣು ಕೂಸು ಅಡ್ಡ ನಿಂತು, “ಅದು ದೇವ್ರಲ್ಲ, ನಮ್ಮಜ್ಜಿ! ಮುಟ್ಬ್ಯಾಡ!” ಎಂದು ಕಿರುಚಿತು. ಅಜ್ಜಿ ಕಕ್ಕಾಬಿಕ್ಕಿಯಾಗಿ ಆ ಕುಂಕುಮವನ್ನು ಕೂಸಿನ ಹಣೆಗೇ ಇಟ್ಟು ಬಂದ ದಾರಿ ಹಿಡಿದಳು.

ಅಳತೆಯ ದಿನ ಬಂತು. ಇಂಜಿನಿಯರ್ ಮೊದಲು ಪಕ್ಕದ ಗುಂಪಿನ ಗುಂಡಿಗೆ ಹೋದರು. ಅಲ್ಲಿನ ಕಂಬಗಳ ನೆತ್ತಿಯನ್ನು ಕುರಿಗಳು ಬೋಳು ಮಾಡಿದ್ದವು. ಅಲ್ಲಿ ಮಾತಿಗೆ ಮಾತು ಬೆಳೆದು ಬಿಸಿಲೇರಿತು. ಆಮೇಲೆ ನಮ್ಮ ಕಡೆ ಬಂದರು. ಮೊದಲ ವಾರದ ಆ ಒಂದು ಗುಂಡಿ ಬಿಟ್ಟರೆ ಉಳಿದ ಎಲ್ಲದರಲ್ಲೂ ಕಂಬ ನೆಟ್ಟಗೆ ನಿಂತಿತ್ತು, ಗರಿಕೆ ತುಂಬಿಕೊಂಡಿತ್ತು. ಕೆಲವಕ್ಕೆ ಮಕ್ಕಳು ತುಂಬೆ ಹೂ ಮುಡಿಸಿದ್ದರು. ಇಂಜಿನಿಯರಿಗೆ ನಗು ಬಂತು. ಟೇಪು ಹಿಡಿದು ಅಳೆದರು, ಒಂದಕ್ಕೂ ಚಕಾರ ಎತ್ತಲಿಲ್ಲ.

“ಇಷ್ಟು ಚೆನ್ನಾಗಿ ಯಾರ್ರೀ ಕಾದಿದ್ದು?” ಎಂದು ಕೇಳಿ, ಮರದ ಕೆಳಗಿದ್ದ ನನ್ನ ಕಡೆ ನೋಡಿದರು. “ಅಲ್ಲಿ ಕೂತಿದ್ದಾರಲ್ಲ, ಅವರು ಯಾರು?”

ದೊಡ್ಡಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಹೇಳುತ್ತೇನೆ ಎಂದವರು ಈಗ ಹೇಳಿಬಿಡುತ್ತಾರೆ ಎಂದು ನಾನು ಮಡಿಲಲ್ಲಿದ್ದ ಕೂಸನ್ನು ಗಟ್ಟಿಯಾಗಿ ಹಿಡಿದುಕೊಂಡೆ.

“ನಮ್ಮ ಗುಂಪಿನ ಆಳು ಸ್ವಾಮಿ,” ಎಂದರು. “ಕಾದಿದ್ದು ಅವ್ಳೇಯ.”

ಆಳು ಎನ್ನಿಸಿಕೊಳ್ಳುವುದು ಬಹಳ ಜನಕ್ಕೆ ಅವಮಾನ. ನನ್ನನ್ನು ಅಲ್ಲಿಯವರೆಗೆ ಪಾಪ ಎಂದಿದ್ದರು, ಕುಂಟಿ ಎಂದಿದ್ದರು, ಅಣ್ಣನ ತಂಗಿ ಎಂದಿದ್ದರು. ಯಾರೂ ಆಳು ಎಂದಿರಲಿಲ್ಲ. ಹೆಮ್ಮೆಯಿಂದ ನನಗೆ ಅಳು ಬಂತು, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ನಮ್ಮ ಕಡೆ ಬೆಳಿಗ್ಗೆ ಕೆಲಸಕ್ಕೆ ಹೋಗುವವರಿಗೆ ಮೊದಲ ಮುದ್ದೆ, ಮನೆಯಲ್ಲಿರುವವರು ಆಮೇಲೆ ಉಣ್ಣುತ್ತಾರೆ. ಮರುದಿನ ಅಣ್ಣ ಇನ್ನೂ ಹಿತ್ತಿಲಲ್ಲಿ ಹಲ್ಲುಜ್ಜುತ್ತಿದ್ದ. ಅತ್ತಿಗೆ ಒಲೆಯ ಮುಂದಿನಿಂದ ಕೂಗಿದಳು.

“ಕೆಲ್ಸಕ್ಕೋಗೋರು ಬನ್ನಿ, ಮುದ್ದೆ ಆರೋಯ್ತದೆ.”

“ಅಣ್ಣ ಇನ್ನೂ ಬಂದಿಲ್ಲ ಅತ್ತಿಗೆ,” ಎಂದೆ.

“ನಿಮ್ಮಣ್ಣನ್ನ ಯಾರವ್ವ ಕರೆದ್ರು? ನಾ ಕರ್ದಿದ್ದು ನಿನ್ನ.”

ನಾನು ಎದ್ದು ಕೈ ತೊಳೆದುಕೊಂಡು ತಟ್ಟೆಯ ಮುಂದೆ ಕುಳಿತೆ.