ಉಂಡೆ ಕಟ್ಟದ ಹಿಮ

ರವೆ ಹುರಿದ ವಾಸನೆ ನನಗಾಗುವುದಿಲ್ಲ. ಹಬ್ಬಕ್ಕೂ ಉಂಡೆಯನ್ನು ಇಲ್ಲಿ ಮುಂಬಯಿಯಲ್ಲಿ ಮಾಟುಂಗದ ಅಂಗಡಿಯಿಂದಲೇ ತರುತ್ತೇನೆ. ಮೊನ್ನೆ ಹಿಮದ ಟ್ರೆಕ್ಕಿಗೆ ಹೊರಟಿದ್ದ ಮಗಳು ದಾರಿಗೆಂದು ತಾನೇ ರವೆ ಉಂಡೆ ಮಾಡಲು ಹೋದಳು. ತುಪ್ಪ ಸಾಲದೆ ರವೆ ಬೆರಳ ಸಂದಿಯಿಂದ ಉದುರಿತು. "ಅಮ್ಮಾ, ಯೇ ಬಂಧ್ ಹೀ ನಹೀ ರಹಾ" ಎಂದಳು, ಉಂಡೆ ಕಟ್ಟುತ್ತಲೇ ಇಲ್ಲವಂತೆ. ನಾನು ಗ್ಯಾಸ್ ಆರಿಸಿ ಅಡುಗೆಮನೆಯ ನೆಲದ ಮೇಲೇ ಕುಳಿತುಬಿಟ್ಟೆ.

ಭಟ್ರ ಅಂಗೈಯಿಂದಲೂ ಹೀಗೇ ಉದುರಿತ್ತು...

ಭಟ್ರು ಮಾಟುಂಗದ ಉಡುಪಿ ಹೋಟೆಲೊಂದರ ಅಡುಗೆಯವರು. ವರ್ಷಕ್ಕೊಮ್ಮೆ ರಜೆ ಹಾಕಿ, ಮುಂಬಯಿಯಿಂದ ಹಿಮಾಲಯಕ್ಕೆ ಹೋಗುವ ತಂಡಗಳ ಜೊತೆ ಅಡುಗೆಗೆ ಹೋಗುತ್ತಿದ್ದರು. ಅಲ್ಲಿನ ಕೂಲಿಗಳೊಂದಿಗೆ ಇದ್ದು ಇದ್ದು ಹಿಮದ ಗುಣ ತಿಳಿದುಕೊಂಡಿದ್ದರು. ಒಂದು ವರ್ಷ ಅಂಥ ತಂಡದಲ್ಲಿ ನಾನೂ ಇದ್ದೆ. ನಾನು ಮಾಟುಂಗದ ಹತ್ತಿರದ ಆಂಟಾಪ್ ಹಿಲ್‌ನವಳು, ಆಗಷ್ಟೇ ನೌಕರಿಗೆ ಸೇರಿ ದೊಡ್ಡ ಮನುಷ್ಯಳಾಗಿದ್ದೆ. ನನ್ನ ಅಪ್ಪ ಅದೇ ಹೋಟೆಲಿನ ಸಪ್ಲೈಯರ್. ತಂಡದ ಯಾರಿಗೂ ಅದನ್ನು ಹೇಳಿರಲಿಲ್ಲ. ಭಟ್ರಿಗೆ ಗೊತ್ತಿತ್ತು, ಪಾಪ, ಅವರೂ ಬಾಯಿ ಬಿಟ್ಟಿರಲಿಲ್ಲ.

ಆ ಮಧ್ಯಾಹ್ನ ಬಿಸಿಲು ಚುರುಕಾಗಿತ್ತು. ಮುಂದೆ ಕಡಿದಾದ ಹಿಮದ ಇಳಿಜಾರು, ಅದನ್ನು ಅಡ್ಡ ದಾಟಿದರೆ ಕ್ಯಾಂಪು. ಭಟ್ರು ದೋಸೆ ಮಗುಚುವ ಸಟ್ಟುಗದಿಂದ ಮೊಣಕಾಲುದ್ದ ಅಗೆದರು. ಮೇಲೆ ಹಲಗೆಯಂತೆ ಗಟ್ಟಿ ಹಿಮ, ಅದರಡಿ ಬರೀ ಪುಡಿ. ಒಂದು ಮುಷ್ಟಿ ತೆಗೆದು ಹಿಸುಕಿದರು. ರವೆಯ ಹಾಗೆ ಉದುರಿತು. ಲೀಡರನಿಗೆ ತಮ್ಮ ಹಿಂದಿಯಲ್ಲಿ ಹೇಳಿ ನೋಡಿದರು. ಅವನಿಗೆ ಶನಿವಾರದ ರೈಲಿನ ಚಿಂತೆ. "ಮಹಾರಾಜ್, ಆಪ್ ಖಾನಾ ದೇಖೋ" ಎಂದು, ಅಡುಗೆಯವರು ಅಡುಗೆ ನೋಡಿಕೊಂಡರೆ ಸಾಕೆಂಬಂತೆ, ಎದೆಗೆ ಕೈಹಾಕಿ ತಳ್ಳಿದ. ಭಟ್ರು ಬಂಡೆಗೆ ಬಡಿದು ಬಿದ್ದರು, ತುಟಿ ಒಡೆಯಿತು.

ಎದ್ದವರೇ ರಕ್ತ ಉಗುಳಿ ನನ್ನ ಹತ್ತಿರ ಬಂದರು. "ಇದು ಉಂಡೆ ಕಟ್ಟುದಿಲ್ಲ ಮಾರಾಯ್ತಿ. ಮೇಲಿನದ್ದು ಇಡೀ ಜಾರ್ತದೆ, ಎಲ್ಲರೂ ಸಾಯ್ತೇವೆ. ನಾಳೆ ಬೆಳಿಗ್ಗೆ ಬಿಸಿಲು ಬರುವ ಮೊದಲು ದಿಣ್ಣೆ ಮೇಲಿಂದ ಹೋಗುವ. ಅಡುಗೆಯವನ ಮಾತು ಯಾರಿಗೆ ಬೇಕು? ನೀನು ಇಂಗ್ಲಿಷಲ್ಲಿ ಹೇಳು."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಡುಗೆಯವರ ಪೈಕಿಯವಳೆಂದು ಗೊತ್ತಾಗಿಹೋಯಿತಲ್ಲ ಎಂದು ಮೈಯೆಲ್ಲ ಉರಿಯಿತು. ಈ ಹಿಮದಲ್ಲಿ ಲಾಡು ಆಗುವುದಿಲ್ಲವಂತೆ ಎಂದು ಇಂಗ್ಲಿಷಿನಲ್ಲಿ ನಗುತ್ತಾ ಹೇಳಿದೆ. ಅಷ್ಟೇ ಹೇಳಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಲಾಡು ಎಂಬ ಶಬ್ದ ಭಟ್ರಿಗೆ ತಿಳಿಯಿತು. ನನ್ನ ಮುಖವನ್ನೊಮ್ಮೆ ನೋಡಿದರು... ಬೈದಿದ್ದರೆ ಚೆನ್ನಾಗಿತ್ತು.

ಲೀಡರ್ ಎಲ್ಲರನ್ನೂ ಹೊರಡಿಸಿದ. "ಒಟ್ಟಿಗೆ ಬರ್ಬೇಡಿ. ಒಬ್ಬೊಬ್ಬರೇ. ಮೊದಲು ನಾನು" ಎಂದು ಭಟ್ರು ಮುಂದೆ ಹೊರಟರು. ನನಗೆ ಮಾತ್ರ ತಿರುಗಿ, "ನನ್ನ ಮೇಲಿಂದ ಕಣ್ಣು ತೆಗಿಬೇಡ. ಮುಚ್ಚಿಹೋದ್ರೆ, ಕಡೆಗೆ ಕಂಡ ಜಾಗ ನೆನಪಿಟ್ಕೋ" ಎಂದರು.

ಅರ್ಧ ದಾಟಿದ್ದರು. ಬಾಗಿಲು ಧಡಾರನೆ ಬಡಿದಂಥ ಸದ್ದು. ಅವರ ಮೇಲಿನ ಇಳಿಜಾರು ಉದ್ದಕ್ಕೂ ಬಿರಿಯಿತು. ಹಿಮದ ಹಲಗೆಗಳು ಒಡೆದು ಒಂದರ ಮೇಲೊಂದು ಹತ್ತಿ ನುಗ್ಗಿದವು. ಬೆನ್ನಿಗೆ ಕಟ್ಟಿದ್ದ ಪಾತ್ರೆಗಳ ಸಮೇತ ಭಟ್ರು ಮಗುಚಿದರು. ಒಂದು ಕೈ ಮೇಲೆ ಬಂತು, ಮತ್ತೆ ಕಾಣಲಿಲ್ಲ.

ನಾನು ಜಾಗ ತೋರಿಸಿದೆ. ಅಲ್ಲಿಂದ ಕೆಳಕ್ಕೆ ತಟ್ಟೆ, ಮುಚ್ಚಳ, ಉಗುರು, ಸಿಕ್ಕಿದ್ದರಲ್ಲಿ ಅಗೆದೆವು. ಜಾರಿ ಬಿದ್ದ ಹಿಮ ಸಿಮೆಂಟಿನಂತೆ ಗಟ್ಟಿಯಾಗಿತ್ತು. ಉಗುರು ಕಿತ್ತು ಬಂತು. ಮೊದಲು ಸಿಕ್ಕಿದ್ದು ಸಟ್ಟುಗ, ಆಮೇಲೆ ಅದನ್ನು ಹಿಡಿದಿದ್ದ ಕೈ. ಮುಖ ಬಿಡಿಸಿದಾಗ ಬಾಯಿ ತುಂಬ ಹಿಮ. ಕುತ್ತಿಗೆ ಮುರಿದು ಒಂದು ಬದಿಗೆ ಹೊರಳಿತ್ತು.

"ಕಿಸೀನೇ ಠೀಕ್ ಸೇ ಬತಾಯಾ ಕ್ಯೂಂ ನಹೀ?" ಯಾರೂ ಸರಿಯಾಗಿ ಯಾಕೆ ಹೇಳಲಿಲ್ಲವೆಂದು ಲೀಡರ್ ಅಳತೊಡಗಿದ. ಅದೇ ಸಟ್ಟುಗದಿಂದ ಅವನ ಮುಖಕ್ಕೆ ಬಾರಿಸಿದೆ. ಹುಬ್ಬು ಸೀಳಿತು. ಮತ್ತೂ ಬಾರಿಸಿದೆ. ಉಳಿದವರು ನನ್ನ ಕೂದಲು ಹಿಡಿದು ಎಳೆಯಬೇಕಾಯಿತು. ಹೊಡೆಯಬೇಕಾಗಿದ್ದದ್ದು ನನ್ನ ಮುಖಕ್ಕೇ ಎಂದು ಆಗಲೂ ಗೊತ್ತಿತ್ತು.

ಅಷ್ಟು ತಿಳಿದ ಮನುಷ್ಯ ಒಂದು ಮಾತೂ ಹೇಳಲಿಲ್ವಾ ಎಂದು ಅಪ್ಪ ಸಾಯುವ ತನಕ ಕೇಳುತ್ತಿದ್ದರು. ಇಲ್ಲ ಎನ್ನುತ್ತಿದ್ದೆ. ಭಟ್ರನ್ನು ನಾನು ಎರಡು ಸಲ ಕೊಂದೆ.

ಮೊನ್ನೆ ಮಗಳು ಪಕ್ಕದಲ್ಲಿ ಬಂದು ಕುಳಿತಳು. ಅವಳ ಕೈಯಲ್ಲಿನ್ನೂ ರವೆ ಇತ್ತು. ಭಟ್ರ ಮಾತನ್ನು ಮೊದಲು ಕನ್ನಡದಲ್ಲಿ ಹೇಳಿದೆ, ಅವಳಿಗೆ ಅರ್ಧ ತಿಳಿಯಿತು. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದೆ, ಒಂದು ಶಬ್ದವನ್ನೂ ಬಿಡದೆ.

ಅವಳು ನಗಲಿಲ್ಲ. ಹೀಗೇ ಹೇಳಿದ್ದರೆ ಅವತ್ತೂ ಬಹುಶಃ ಯಾರೂ ನಗುತ್ತಿರಲಿಲ್ಲ.